ಅಕ್ವೇರಿಯಂ ಕಲ್ಲಿನ ಪಾಚಿ: ತಿಕ್ಕುವ ಮುಂಚೆ ಮುಟ್ಟಿ ನೋಡಿ

ಪ್ರಶ್ನೆ: ನಮ್ಮ ಮನೆಯಲ್ಲಿ 2 ಅಡಿ ಉದ್ದದ ಅಕ್ವೇರಿಯಂ ಇದೆ. ನಾಲ್ಕು ಗೋಲ್ಡ್‌ಫಿಶ್ ಇದ್ದವು. ಹೇಮಾವತಿ ಹೊಳೆಯಿಂದ ತಂದ ಉರುಟು ಕಲ್ಲುಗಳನ್ನೂ ಅಂಗಡಿಯಿಂದ ತಂದ ಬಿಳಿ ಮಾರ್ಬಲ್ ಚೂರುಗಳನ್ನೂ ಹಾಕಿದ್ದೇವೆ. ಕಲ್ಲಿನ ಮೇಲೆ ಕಂದು, ಹಸಿರು ಪಾಚಿ ಕಟ್ಟುತ್ತಲೇ ಇರುತ್ತದೆ. ಈಗ ಅಲ್ಲಲ್ಲಿ ಕಪ್ಪು ಕುಚ್ಚುಗಳು ಬಂದಿವೆ, ಎಷ್ಟು ತಿಕ್ಕಿದರೂ ಹೋಗುತ್ತಿಲ್ಲ. ಕಳೆದ ತಿಂಗಳು ಎಲ್ಲಾ ಕಲ್ಲುಗಳನ್ನು ಹೊರಗೆ ತೆಗೆದು ಬ್ಲೀಚಿಂಗ್ ಪೌಡರ್ ಹಾಕಿ ತೊಳೆದೆವು. ಫಿಲ್ಟರ್ ಸ್ಪಂಜನ್ನೂ ನಲ್ಲಿ ಕೆಳಗೆ ಹಿಂಡಿ, ಪೂರ್ತಿ ಹೊಸ ನೀರು ತುಂಬಿಸಿದೆವು. ಮೂರು ದಿನದಲ್ಲಿ ಎರಡು ಮೀನು ಸತ್ತವು. ಪಾಚಿ ಮಾತ್ರ ಎರಡೇ ವಾರಕ್ಕೆ ವಾಪಸ್ ಬಂತು. ಕಲ್ಲನ್ನು ಕುದಿಸಬಹುದಾ? ಸಕ್ಕರ್ ಮೀನು ಬಿಟ್ಟರೆ ಎಲ್ಲಾ ತಿಂದು ಹಾಕುತ್ತದೆ ಅಂತಾರೆ, ನಿಜವಾ?
– ಹಾಸನದ ಓದುಗರು

ಉತ್ತರ: ಮೊದಲು ಸತ್ತ ಮೀನುಗಳ ವಿಷಯ ಮಾತಾಡೋಣ. ಅವು ಯಾಕೆ ಸತ್ತವು ಅಂತ ತಿಳಿದರೆ, ಕಲ್ಲನ್ನು ಹೇಗೆ ತೊಳೆಯಬೇಕು ಅನ್ನುವುದೂ ಅರ್ಧ ತಿಳಿದ ಹಾಗೆ.

ಮೀನಿನ ಕಿವಿರುಗಳಿಂದ ಸದಾ ಅಮೋನಿಯಾ ಹೊರಬರುತ್ತಿರುತ್ತದೆ. ತಿನ್ನದೆ ಬಿಟ್ಟ ಆಹಾರ, ಮೀನಿನ ಗಲೀಜು ಕೊಳೆತರೂ ಅಮೋನಿಯಾನೇ ಬರುವುದು. ಇದು ಮೀನಿಗೆ ವಿಷ. ಆದರೂ ಹಳೆಯ ಟ್ಯಾಂಕಿನಲ್ಲಿ ಮೀನು ಆರಾಮಾಗಿ ಇರುತ್ತದಲ್ಲ, ಅದಕ್ಕೆ ಕಾರಣ ಬ್ಯಾಕ್ಟೀರಿಯಾ. ಒಂದು ಗುಂಪು ಅಮೋನಿಯಾವನ್ನು ನೈಟ್ರೈಟ್ ಮಾಡುತ್ತದೆ. ಇನ್ನೊಂದು ಗುಂಪು ನೈಟ್ರೈಟನ್ನು ನೈಟ್ರೇಟ್ ಮಾಡುತ್ತದೆ. ನೈಟ್ರೇಟ್ ಅಷ್ಟು ಅಪಾಯ ಅಲ್ಲ, ವಾರಕ್ಕೊಮ್ಮೆ ಸ್ವಲ್ಪ ನೀರು ಬದಲಿಸಿದರೆ ಹೋಗುತ್ತದೆ. ಈ ಬ್ಯಾಕ್ಟೀರಿಯಾ ಬಹುಪಾಲು ನೀರಿನಲ್ಲಿ ತೇಲಾಡಿಕೊಂಡು ಇರುವುದಿಲ್ಲ. ಕಲ್ಲು, ಜಲ್ಲಿ, ಫಿಲ್ಟರ್ ಸ್ಪಂಜು, ಇಂಥ ಕಡೆ ತೆಳ್ಳಗೆ ಅಂಟಿಕೊಂಡು ಬದುಕುತ್ತವೆ. ಕೈಯಲ್ಲಿ ಹಿಡಿದಾಗ ಕಲ್ಲು ಸ್ವಲ್ಪ ಲೋಳೆಲೋಳೆ ಅನಿಸುತ್ತದಲ್ಲ, ಆ ಪೊರೆಯಲ್ಲೇ ಅವು ಇರುವುದು.

ನೀವು ಒಂದೇ ದಿನ ಕಲ್ಲಿಗೆ ಬ್ಲೀಚಿಂಗ್ ಪೌಡರ್ ಹಾಕಿದಿರಿ, ಸ್ಪಂಜನ್ನು ಕ್ಲೋರಿನ್ ಇರುವ ನಲ್ಲಿ ನೀರಲ್ಲಿ ಹಿಂಡಿದಿರಿ, ಹಳೆಯ ನೀರನ್ನೂ ಚೆಲ್ಲಿದಿರಿ. ಬ್ಯಾಕ್ಟೀರಿಯಾಕ್ಕೆ ಉಳಿಯಲು ಜಾಗವೇ ಇರಲಿಲ್ಲ. ಅವು ಮತ್ತೆ ಪೂರ್ತಿಯಾಗಿ ಬೆಳೆಯಲು 4ರಿಂದ 6 ವಾರ ಬೇಕು. ಮೀನುಗಳು ಮಾತ್ರ ಅಮೋನಿಯಾ ಬಿಡುತ್ತಲೇ ಇದ್ದವು. ಎರಡು-ಮೂರು ದಿನದಲ್ಲಿ ಅದು ವಿಷದ ಮಟ್ಟಕ್ಕೆ ಏರಿರುವ ಸಾಧ್ಯತೆಯೇ ಹೆಚ್ಚು. ಸಾಯುವ ಮುಂಚೆ ಮೀನುಗಳು ಮೇಲೆ ಬಂದು ಬಾಯಿ ಬಾಯಿ ಬಿಡುತ್ತಿದ್ದವಾ? ಕಿವಿರು ಕೆಂಪಾಗಿತ್ತಾ? ಹಾಗಿದ್ದರೆ ಅಮೋನಿಯಾ ಇಲ್ಲವೇ ಉಳಿದ ಕ್ಲೋರಿನ್ ಕಾರಣ. ಪಾಚಿ ಇಷ್ಟು ಬೇಗ ವಾಪಸ್ ಬಂದದ್ದಕ್ಕೂ ಇದೇ ಮೂಲ. ಅಮೋನಿಯಾ ಪಾಚಿಗೆ ಒಳ್ಳೆ ಗೊಬ್ಬರ. ಅದನ್ನು ತಿನ್ನುವ ಬ್ಯಾಕ್ಟೀರಿಯಾ ಹೋದ ಮೇಲೆ ಉಣ್ಣುವ ಸರದಿ ಪಾಚಿಗೆ ಬಂತು.

ಹಾಗಾಗಿ ಉಳಿದದ್ದನ್ನೆಲ್ಲಾ ಮರೆತರೂ ಇದೊಂದನ್ನು ಮರೆಯಬೇಡಿ: ಒಂದು ಸಲಕ್ಕೆ ಮೂರನೇ ಒಂದು ಭಾಗದಷ್ಟು ಕಲ್ಲನ್ನು ಮಾತ್ರ ತೊಳೆಯಿರಿ. ಮುಂದಿನ ಭಾಗಕ್ಕೆ ಎರಡು ವಾರ ಬಿಡಿ. ಕಲ್ಲು ತೊಳೆದ ವಾರ ಫಿಲ್ಟರ್ ಮುಟ್ಟಬೇಡಿ, ಫಿಲ್ಟರ್ ತೊಳೆದ ವಾರ ಕಲ್ಲು ಮುಟ್ಟಬೇಡಿ. ಸ್ಪಂಜನ್ನು ಟ್ಯಾಂಕಿನಿಂದಲೇ ತೆಗೆದ ನೀರಲ್ಲಿ ಎರಡು ಸಲ ಹಿಂಡಿದರೆ ಸಾಕು, ಬೆಳ್ಳಗಾಗಬೇಕು ಅಂತ ಹಟ ಬೇಡ.

ಈಗ ಪಾಚಿಗೆ ಬರೋಣ. ನಾವು ಎಲ್ಲದಕ್ಕೂ ಪಾಚಿ ಅಂತ ಒಂದೇ ಹೆಸರು ಹೇಳುತ್ತೇವೆ. ಕಲ್ಲಿನ ಮೇಲೆ ಬರುವುದು ಮಾತ್ರ ನಾಲ್ಕೈದು ಬಗೆ, ಒಂದೊಂದಕ್ಕೂ ಬೇರೆ ಬೇರೆ ಉಪಾಯ. ನೋಡಿದರೆ ಗೊಂದಲ ಆಗಬಹುದು, ಮುಟ್ಟಿದರೆ ಗೊತ್ತಾಗಿಬಿಡುತ್ತದೆ. ಕೈ ಚೆನ್ನಾಗಿ ತೊಳೆದು, ಸೋಪಿನ ಅಂಶ ಇಲ್ಲದ ಹಾಗೆ ನೋಡಿಕೊಂಡು, ಟ್ಯಾಂಕಿನೊಳಗೇ ಕಲ್ಲನ್ನು ಹೆಬ್ಬೆರಳಿಂದ ಒಮ್ಮೆ ಉಜ್ಜಿ ನೋಡಿ.

ಉಜ್ಜಿದ ತಕ್ಷಣ ಕಂದು ಪುಡಿ ಹೊಗೆಯೆದ್ದ ಹಾಗೆ ನೀರಲ್ಲಿ ಹರಡಿತಾ? ಅದು ಡಯಾಟಮ್. ಸಿಲಿಕಾದ ಚಿಪ್ಪು ಕಟ್ಟಿಕೊಳ್ಳುವ ಸೂಕ್ಷ್ಮಜೀವಿ. ಹೊಸ ಟ್ಯಾಂಕಿನಲ್ಲಿ, ಅಥವಾ ನಿಮ್ಮ ಹಾಗೆ ಪೂರ್ತಿ ತೊಳೆದು ಹೊಸದರಂತೆ ಮಾಡಿಬಿಟ್ಟ ಟ್ಯಾಂಕಿನಲ್ಲಿ, ಮೊದಲು ಬರುವುದು ಇದೇ. ಇದಕ್ಕೆ ಮದ್ದು ಬೇಕಿಲ್ಲ. ಮೆತ್ತನೆ ಬ್ರಷ್ಷಿನಿಂದ ಒರೆಸಿ, ಎದ್ದ ಪುಡಿಯನ್ನು ಪೈಪಿನಿಂದ ಎಳೆದು ಹಾಕಿ. ಟ್ಯಾಂಕ್ ಒಂದು ಹದಕ್ಕೆ ಬಂದರೆ ಕೆಲವು ವಾರಗಳಲ್ಲಿ ತಾನಾಗೇ ಕಡಿಮೆಯಾಗುತ್ತದೆ.

ಹಸಿರು ಬಣ್ಣ, ಗುಂಡಗೆ ಸಣ್ಣ ಸಣ್ಣ ಚುಕ್ಕಿ, ಉಗುರಿನಿಂದ ಕೆರೆದರೂ ಬರುವುದಿಲ್ಲ ಅಂದರೆ ಅದು ಗ್ರೀನ್ ಸ್ಪಾಟ್. ಬೆಳಕು ಜಾಸ್ತಿ ಬೀಳುವ ಕಡೆ ಬರುತ್ತದೆ. ಗಾಜಿನ ಮೇಲೆ ಬಂದರೆ ಹಳೆಯ ಪ್ಲಾಸ್ಟಿಕ್ ಕಾರ್ಡಿನ ಅಂಚಿನಿಂದ ಕೆರೆಯಬಹುದು. ಕಲ್ಲಿನ ಮೇಲೆ ಬಂದರೆ? ನನ್ನ ಸಲಹೆ, ಬಿಟ್ಟುಬಿಡಿ. ಮೀನಿಗೆ ಅದರಿಂದ ಏನೂ ತೊಂದರೆ ಇಲ್ಲ. ಹೊಳೆಗಲ್ಲಿಗೆ ಅದು ಚೆಂದವೇ.

ನೂಲು ನೂಲಾಗಿ ಉದ್ದಕ್ಕೆ ತೂಗಾಡುತ್ತಿದ್ದರೆ ಟೂತ್‌ಬ್ರಷ್ಷನ್ನು ಅದರೊಳಗೆ ಇಟ್ಟು ಸುತ್ತಿ. ಮುಕ್ಕಾಲು ಪಾಲು ಬ್ರಷ್ಷಿಗೆ ಸುತ್ತಿಕೊಂಡು ಬಂದುಬಿಡುತ್ತದೆ. ಇನ್ನು, ಹಾಳೆ ಎದ್ದ ಹಾಗೆ ಕಿತ್ತು ಬರುವ, ನೀಲಿ-ಹಸಿರು ಬಣ್ಣದ, ಮೂಗಿಗೆ ಹಿಡಿದರೆ ಕೆಟ್ಟ ವಾಸನೆ ಹೊಡೆಯುವ ಲೋಳೆ ಕಂಡರೆ ಅದು ನಿಜವಾದ ಪಾಚಿಯೇ ಅಲ್ಲ, ಸಯನೋಬ್ಯಾಕ್ಟೀರಿಯಾ. ಅದನ್ನು ತಿಕ್ಕಬೇಡಿ, ತಿಕ್ಕಿದರೆ ತುಂಡು ತುಂಡಾಗಿ ಎಲ್ಲಾ ಕಡೆ ಹರಡುತ್ತದೆ. ಪೈಪ್ ಹಿಡಿದು ಹೀರಿ ತೆಗೆಯಿರಿ. ಆಮೇಲೆ 3-4 ದಿನ ಲೈಟ್ ಆರಿಸಿ, ಟ್ಯಾಂಕಿಗೆ ದಪ್ಪ ಬಟ್ಟೆ ಹೊದಿಸಿ, ಆದರೆ ಏರ್ ಪಂಪ್ ಓಡುತ್ತಲೇ ಇರಲಿ. ಸತ್ತ ಲೋಳೆ ಕೊಳೆಯುವಾಗ ಆಮ್ಲಜನಕ ಇಳಿಯುತ್ತದೆ, ಅದಕ್ಕೇ ಪಂಪ್ ಬೇಕು. ಬಟ್ಟೆ ತೆಗೆದ ದಿನ ಮೂರನೇ ಒಂದು ಭಾಗ ನೀರು ಬದಲಿಸಿ.

ಒಂದು ವಿಷಯ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ನೀರಿನ ಮಟ್ಟದ ಹತ್ತಿರ ಕಲ್ಲಿಗೂ ಗಾಜಿಗೂ ಬೆಳ್ಳಗೆ, ಒರಟಾಗಿ ಅಂಟಿಕೊಂಡಿರುವ ಗೆರೆ ಪಾಚಿ ಅಲ್ಲ. ಗಡಸು ನೀರಿನ ಸುಣ್ಣ. ಗಟ್ಟಿ ಹೊಳೆಗಲ್ಲಾದರೆ ಹೊರಗೆ ತೆಗೆದು ವಿನೆಗರ್ ಅಥವಾ ನಿಂಬೆ ರಸ ಹಚ್ಚಿ ಹತ್ತು ನಿಮಿಷ ಬಿಟ್ಟು ತಿಕ್ಕಿ, ಹೋಗುತ್ತದೆ. ಮಾರ್ಬಲ್ಲಿಗೆ ಮಾತ್ರ ಹುಳಿ ತಾಗಿಸಬೇಡಿ. ಮಾರ್ಬಲ್ ಕೂಡ ಸುಣ್ಣದ ಜಾತಿಯೇ, ಮೇಲಿನ ಹೊಳಪೇ ಕರಗಿಹೋಗುತ್ತದೆ.

ತೊಳೆಯುವ ಕೆಲಸ ನೋಡಿ, ಇಷ್ಟೇ. ವಾರದ ನೀರು ಬದಲಿಸುವ ದಿನವೇ ಇಟ್ಟುಕೊಳ್ಳಿ. ಟ್ಯಾಂಕಿನಿಂದ ಪೈಪ್ ಹಾಕಿ ಅರ್ಧ ಬಕೆಟ್ ನೀರು ಎಳೆಯಿರಿ. ಸೋಪು, ಸರ್ಫ್ ಯಾವತ್ತೂ ತಾಗದ ಬಕೆಟ್ ಆಗಿರಬೇಕು, ಅಕ್ವೇರಿಯಮ್ಮಿಗೆ ಅಂತಲೇ ಒಂದನ್ನು ಎತ್ತಿಡುವುದು ಒಳ್ಳೆಯದು. ಪಾಚಿ ಜಾಸ್ತಿ ಇರುವ ಕಲ್ಲುಗಳನ್ನು ಆರಿಸಿ ಅದರಲ್ಲಿ ಹಾಕಿ. ಹೊಸ ಟೂತ್‌ಬ್ರಷ್ ಅಥವಾ ತೆಂಗಿನ ನಾರಿನಿಂದ ನೀರೊಳಗೇ ತಿಕ್ಕಿ. ಪಾತ್ರೆ ತಿಕ್ಕುವ ಸ್ಟೀಲ್ ಸ್ಕ್ರಬ್ಬರ್ ಬೇಡ, ಅದರ ಎಳೆ ಮುರಿದು ಕಲ್ಲಿನ ಸಂದಿಯಲ್ಲಿ ಸಿಕ್ಕಿ ತುಕ್ಕು ಹಿಡಿಯುತ್ತದೆ. ಅಡುಗೆಮನೆಯಲ್ಲಿ ಬಳಸಿದ ಹಸಿರು ಸ್ಕ್ರಬ್ಬರ್ ಕೂಡ ಬೇಡ, ಅದರಲ್ಲಿ ಸೋಪು ಕೂತಿರುತ್ತದೆ. ಒಂದೊಂದು ಕಲ್ಲಿಗೆ ಒಂದು ನಿಮಿಷ ಸಾಕು. ಕಲ್ಲಿನ ಅಡಿಭಾಗವನ್ನು ತಿಕ್ಕಬೇಡಿ. ಅಲ್ಲಿ ಬೆಳಕು ಬೀಳದ ಕಾರಣ ಪಾಚಿ ಇರುವುದಿಲ್ಲ, ಬ್ಯಾಕ್ಟೀರಿಯಾ ಮಾತ್ರ ಇರುತ್ತದೆ. ಬಕೆಟ್ಟಿನ ನೀರನ್ನು ಗಿಡಕ್ಕೆ ಹಾಕಿ, ಗಿಡ ಖುಷಿಯಾಗಿ ಬೆಳೆಯುತ್ತದೆ. ಕಲ್ಲು ಎತ್ತಿದ ಜಾಗದಲ್ಲಿ ತಳದಲ್ಲಿ ಗಲೀಜು ಕೂತಿರುತ್ತದೆ, ಕಲ್ಲು ವಾಪಸ್ ಇಡುವ ಮುಂಚೆ ಅದನ್ನೂ ಪೈಪಿನಿಂದ ಎಳೆದುಬಿಡಿ. ಬಹಳ ಜನ ಕಲ್ಲು ತೊಳೆದು ಈ ಕೆಲಸ ಬಿಟ್ಟುಬಿಡುತ್ತಾರೆ. ಪಾಚಿಗೆ ಊಟ ಸಿಗುವುದು ಅಲ್ಲಿಂದಲೇ.

ಇನ್ನು ನಿಮ್ಮ ಕಪ್ಪು ಕುಚ್ಚು. ಇದು ಬ್ಲ್ಯಾಕ್ ಬಿಯರ್ಡ್, ಮೀನು ಸಾಕುವವರು ಬಿಬಿಎ ಅನ್ನುತ್ತಾರೆ. ನೋಡಲು ಕಪ್ಪಾದರೂ ಇದು ಕೆಂಪು ಪಾಚಿಗಳ ಗುಂಪಿಗೆ ಸೇರಿದ್ದು. ಒಂದು ಕುಚ್ಚನ್ನು ಕಿತ್ತು ಸ್ಪಿರಿಟ್ಟಿನಲ್ಲಿ ಹಾಕಿಟ್ಟರೆ ಒಳಗಿನ ಕೆಂಪು ಕಾಣುತ್ತದೆ. ನೀರು ಹರಿಯುವ ಕಡೆ, ಫಿಲ್ಟರ್ ಬಾಯಿಯ ಎದುರಿಗಿರುವ ಕಲ್ಲಿನ ಅಂಚಿನಲ್ಲಿ, ಹೆಚ್ಚಾಗಿ ಕೂರುತ್ತದೆ. ಹಿಡಿತ ಬಹಳ ಗಟ್ಟಿ. ತಿಕ್ಕಿದರೆ ಮೇಲಿನ ಎಳೆ ಹೋಗುತ್ತದೆ, ಬುಡ ಕಲ್ಲಿನಲ್ಲೇ ಉಳಿದು ಮತ್ತೆ ಚಿಗುರುತ್ತದೆ. ನೀವು ತಿಕ್ಕಿ ತಿಕ್ಕಿ ಸೋತಿದ್ದು ಅದಕ್ಕೇ.

ಇದಕ್ಕೆ ನಾನು ಹೇಳುವುದು ಹೈಡ್ರೋಜನ್ ಪೆರಾಕ್ಸೈಡ್. ಮೆಡಿಕಲ್ ಸ್ಟೋರಿನಲ್ಲಿ ಸಿಗುತ್ತದೆ. ಬಾಟಲಿಯ ಮೇಲಿನ ಅಕ್ಷರ ಓದಿ. ನಮ್ಮಲ್ಲಿ ಸಿಗುವುದು ಹೆಚ್ಚಾಗಿ 6 ಶೇಕಡಾದ್ದು, 20 ವಾಲ್ಯೂಮ್ ಅಂತಲೂ ಬರೆದಿರುತ್ತಾರೆ. ಅದಕ್ಕೆ ಅಷ್ಟೇ ನೀರು ಬೆರೆಸಿದರೆ 3 ಶೇಕಡಾ ಆಗುತ್ತದೆ, ನಮಗೆ ಬೇಕಾದ್ದು ಅದು. ಕೈಗೆ ಗ್ಲೌಸ್ ಹಾಕಿಕೊಳ್ಳಿ, ಚರ್ಮಕ್ಕೆ ತಾಗಿದರೆ ಬೆಳ್ಳಗಾಗಿ ಉರಿಯುತ್ತದೆ. ಕುಚ್ಚು ಇರುವ ಕಲ್ಲುಗಳಲ್ಲಿ ಎರಡು-ಮೂರನ್ನು ಮಾತ್ರ ಹೊರಗೆ ತೆಗೆದು ಪ್ಲಾಸ್ಟಿಕ್ ತಟ್ಟೆಯಲ್ಲಿಡಿ. ಸೂಜಿ ತೆಗೆದ ಸಿರಿಂಜಿನಿಂದ ಕುಚ್ಚಿನ ಮೇಲೇ ಹನಿ ಹನಿಯಾಗಿ ಬಿಡಿ. ಸಣ್ಣ ಸಣ್ಣ ಗುಳ್ಳೆ ಎದ್ದು ನೊರೆ ಬರುತ್ತದೆ. ನೊರೆ ಬರಲೇ ಇಲ್ಲ ಅಂದರೆ ಬಾಟಲಿ ಹಳೆಯದಾಗಿ ಶಕ್ತಿ ಕಳೆದುಕೊಂಡಿದೆ ಅಂತ ಅರ್ಥ, ಹೊಸದು ತನ್ನಿ. ಐದು ನಿಮಿಷ ಬಿಟ್ಟು, ಟ್ಯಾಂಕ್ ನೀರಿರುವ ಬಕೆಟ್ಟಿನಲ್ಲಿ ಚೆನ್ನಾಗಿ ಜಾಲಿಸಿ ವಾಪಸ್ ಇಡಿ.

ಆ ದಿನ ಏನೂ ಬದಲಾವಣೆ ಕಾಣುವುದಿಲ್ಲ, ಮತ್ತೆ ಮತ್ತೆ ಹಚ್ಚಲು ಹೋಗಬೇಡಿ. ಎರಡು-ಮೂರು ದಿನದಲ್ಲಿ ಕಪ್ಪು ಕುಚ್ಚು ನಸುಗೆಂಪಿಗೆ ತಿರುಗುತ್ತದೆ, ಆಮೇಲೆ ಬೂದು-ಬಿಳಿ. ಬಣ್ಣ ತಿರುಗಿತು ಅಂದರೆ ಅದು ಸತ್ತಿದೆ. ಆಗ ಬ್ರಷ್ ಆಡಿಸಿದರೆ ಸುಲಭವಾಗಿ ಬಿಡುತ್ತದೆ. ಎಷ್ಟೋ ಸಲ ಗೋಲ್ಡ್‌ಫಿಶ್‌ಗಳೇ ಕಿತ್ತು ತಿಂದು ಮುಗಿಸುತ್ತವೆ. ಪೆರಾಕ್ಸೈಡ್ ಆಮ್ಲಜನಕ ಬಿಟ್ಟು ಬರೀ ನೀರಾಗುತ್ತದೆ, ಹಿಂದೆ ವಿಷ ಉಳಿಯುವುದಿಲ್ಲ. ನಾನು ಬ್ಲೀಚಿಗಿಂತ ಇದನ್ನೇ ಹೇಳುವುದು ಆ ಕಾರಣಕ್ಕೆ. ಆದರೆ ಟ್ಯಾಂಕಿನೊಳಗೆ ಸುರಿಯಬೇಡಿ. ನಿಮ್ಮದು 2 ಅಡಿ ಉದ್ದ, 1 ಅಡಿ ಅಗಲ, 1 ಅಡಿ ಎತ್ತರದ ಟ್ಯಾಂಕ್ ಅಂದುಕೊಂಡರೆ ಲೆಕ್ಕಕ್ಕೆ ಸುಮಾರು 55 ಲೀಟರ್. ಕಲ್ಲು, ಜಲ್ಲಿ ಕಳೆದರೆ ನಿಜವಾದ ನೀರು 45 ಲೀಟರೂ ಇರಲಾರದು. ಅಷ್ಟು ಸಣ್ಣ ಟ್ಯಾಂಕಿನಲ್ಲಿ ಕೈ ಸ್ವಲ್ಪ ತಪ್ಪಿದರೂ ಕಿವಿರು ಸುಡುತ್ತದೆ.

ಬ್ಲೀಚ್ ಯಾವಾಗಲೂ ತಪ್ಪು ಅಂತಲ್ಲ. ಬೇರೆಯವರ ಟ್ಯಾಂಕಿನಿಂದ ತಂದ ಕಲ್ಲು, ಮೀನಿಗೆ ರೋಗ ಬಂದು ಖಾಲಿ ಮಾಡಿದ ಟ್ಯಾಂಕಿನ ಕಲ್ಲು, ಇಂಥದ್ದಕ್ಕೆ ಬೇಕಾಗುತ್ತದೆ. ಆಗ ಪುಡಿಗಿಂತ ದ್ರವ ಬ್ಲೀಚ್ ಒಳ್ಳೆಯದು. ಪುಡಿಯಲ್ಲಿ ಸುಣ್ಣದ ಅಂಶ ಇರುತ್ತದೆ, ಕರಗದ ಬಿಳಿ ಗಷ್ಟು ಕಲ್ಲಿನ ಸಂದಿಯಲ್ಲಿ ಕೂತುಬಿಡುತ್ತದೆ. ವಾಸನೆ, ಸೋಪು ಸೇರಿಸದ ಸಾದಾ ಬ್ಲೀಚ್ ಒಂದು ಪಾಲು, ನೀರು ಹತ್ತು ಪಾಲು. 15 ನಿಮಿಷ ನೆನೆಸಿ, ಐದಾರು ನೀರಲ್ಲಿ ತೊಳೆಯಿರಿ. ಆಮೇಲೆ ಅಕ್ವೇರಿಯಂ ಅಂಗಡಿಯ ಆಂಟಿ-ಕ್ಲೋರಿನ್ನನ್ನು ಮಾಮೂಲಿಗಿಂತ ಮೂರು ಪಟ್ಟು ಹಾಕಿದ ನೀರಲ್ಲಿ ಒಂದು ರಾತ್ರಿ ಇಡಿ. ಅದರಲ್ಲಿ ಹೆಚ್ಚಾಗಿ ಇರುವುದು ಸೋಡಿಯಂ ಥಯೋಸಲ್ಫೇಟ್, ಹೈಪೋ ಅಂತ ಹರಳಾಗಿಯೂ ಮಾರುತ್ತಾರೆ. ಬೆಳಿಗ್ಗೆ ಬಿಸಿಲಲ್ಲಿ ಒಣಗಿಸಿ ಮೂಗಿಗೆ ಹಿಡಿಯಿರಿ. ಬ್ಲೀಚ್ ವಾಸನೆ ಒಂದು ಚೂರು ಇದ್ದರೂ ಟ್ಯಾಂಕಿಗೆ ಹೋಗಬಾರದು. ಲಾವಾ ಕಲ್ಲು, ಜಂಬಿಟ್ಟಿಗೆ, ಇಂಥ ತೂತು ತೂತಿನ ಕಲ್ಲಿಗೆ ಬ್ಲೀಚ್ ಬೇಡವೇ ಬೇಡ, ಒಳಗೆ ಹೀರಿಕೊಂಡದ್ದು ಸುಲಭಕ್ಕೆ ಹೊರಗೆ ಬರುವುದಿಲ್ಲ. ಅಂಗಡಿಯ ಬಣ್ಣದ ಕಲ್ಲಿಗೂ ಬೇಡ, ಬಣ್ಣ ಬಿಡುತ್ತದೆ.

ಇನ್ನೊಂದು ಎಚ್ಚರಿಕೆ, ಇದು ಮೀನಿಗಲ್ಲ, ನಿಮಗೆ. ಬ್ಲೀಚಿನ ಜೊತೆ ವಿನೆಗರ್ ಆಗಲಿ, ಟಾಯ್ಲೆಟ್ ತೊಳೆಯುವ ಆಸಿಡ್ ಆಗಲಿ ಸೇರಿದರೆ ಕ್ಲೋರಿನ್ ಗ್ಯಾಸ್ ಏಳುತ್ತದೆ. ಬಾಗಿಲು ಹಾಕಿದ ಬಚ್ಚಲಲ್ಲಿ ಅದು ಪ್ರಾಣಕ್ಕೇ ಕುತ್ತು. ಒಂದೇ ದಿನ ಎರಡನ್ನೂ ಬಳಸಬೇಡಿ.

ಕುದಿಸಬಹುದಾ ಅಂತ ಕೇಳಿದ್ದೀರಿ. ಬೇಡ. ಹೊಳೆಗಲ್ಲಿನ ಒಳಗೆ ಸಣ್ಣ ಬಿರುಕಿನಲ್ಲಿ ನೀರು ಸಿಕ್ಕಿಕೊಂಡಿರುತ್ತದೆ. ಒಲೆ ಮೇಲೆ ಬಿಸಿಯಾದಾಗ ಒಳಗಿನ ನೀರು ಹಿಗ್ಗಿ ಕಲ್ಲು ಸಿಡಿಯಬಹುದು. ಓವನ್ನಿನಲ್ಲಿ ಇಡುವುದು ಇನ್ನೂ ಅಪಾಯ. ಅಷ್ಟು ಬೇಕು ಅನಿಸಿದರೆ ಕಲ್ಲನ್ನು ಬಕೆಟ್ಟಿನಲ್ಲಿಟ್ಟು ಕುದಿದ ನೀರನ್ನು ಮೇಲಿಂದ ನಿಧಾನಕ್ಕೆ ಸುರಿದು, ತಣ್ಣಗಾಗಲು ಬಿಡಿ. ಸಮುದ್ರದ ಟ್ಯಾಂಕ್ ಇಟ್ಟವರು ಇದನ್ನು ಓದುತ್ತಿದ್ದರೆ ಅವರಿಗೆ ಒಂದು ಮಾತು: ಲೈವ್ ರಾಕ್ ಅನ್ನು, ಅಂದರೆ ಜೀವಿಗಳು ಅಂಟಿಕೊಂಡು ಬೆಳೆದಿರುವ ಸಮುದ್ರದ ಕಲ್ಲನ್ನು, ಯಾವ ಕಾರಣಕ್ಕೂ ಕುದಿಸಬೇಡಿ, ಬಿಸಿನೀರನ್ನೂ ಸುರಿಯಬೇಡಿ. ಅದರ ಮೇಲೆ ಬೆಳೆಯುವ ಕೆಲವು ಝೋಆಂಥಿಡ್ ಎಂಬ, ಹವಳದ ಸಂಬಂಧಿ ಜೀವಿಗಳಲ್ಲಿ ಪಾಲಿಟಾಕ್ಸಿನ್ ಎಂಬ ಭಯಂಕರ ವಿಷ ಇರುತ್ತದೆ. ಕಲ್ಲು ಕುದಿಸಿ, ಆ ಆವಿ ಕುಡಿದು ಮನೆಮಂದಿಯೆಲ್ಲಾ ಆಸ್ಪತ್ರೆ ಸೇರಿದ ಉದಾಹರಣೆಗಳು ವಿದೇಶಗಳಲ್ಲಿ ಇವೆ.

ನನ್ನನ್ನು ಕೇಳಿದರೆ ನಮ್ಮ ಊರುಗಳಿಗೆ ಬಿಸಿಲಿಗಿಂತ ಒಳ್ಳೆಯ ಉಪಾಯ ಇಲ್ಲ. ಒಂದು ಜೊತೆ ಕಲ್ಲು ಹೆಚ್ಚಿಗೆ ಇಟ್ಟುಕೊಳ್ಳಿ. ಪಾಚಿ ಕಟ್ಟಿದ ನಾಲ್ಕು ಕಲ್ಲನ್ನು ತಾರಸಿ ಮೇಲೆ ಒಂದು ವಾರ ಬಿಸಿಲಿಗೆ ಹಾಕಿ, ಅಲ್ಲಿಂದ ಒಣಗಿದ ನಾಲ್ಕನ್ನು ತಿಕ್ಕಿ ಟ್ಯಾಂಕಿಗೆ ಇಳಿಸಿ. ಒಣಗಿದ ಪಾಚಿ ಸಿಪ್ಪೆಯಾಗಿ ಉದುರುತ್ತದೆ. ಖರ್ಚಿಲ್ಲ, ರಾಸಾಯನಿಕ ಇಲ್ಲ.

ಸಕ್ಕರ್ ಮೀನಿನ ವಿಷಯಕ್ಕೆ ಬರುತ್ತೇನೆ. ದಯವಿಟ್ಟು ತರಬೇಡಿ. ಅಂಗಡಿಯಲ್ಲಿ ಎರಡು ಇಂಚು ಇರುವ ಆ ಮೀನು ಒಂದು ಅಡಿಗೂ ಮೀರಿ ಬೆಳೆಯುತ್ತದೆ. ನಿಮ್ಮ ಟ್ಯಾಂಕಿನ ಅಗಲವೇ ಒಂದು ಅಡಿ. ಮರಿಯಾಗಿದ್ದಾಗ ಸ್ವಲ್ಪ ಪಾಚಿ ತಿನ್ನುತ್ತದೆ, ದೊಡ್ಡದಾದ ಮೇಲೆ ಗೋಲ್ಡ್‌ಫಿಶ್ ಆಹಾರಕ್ಕೇ ಬರುತ್ತದೆ. ಅದರ ಗಲೀಜು ಪಾಚಿಗೆ ಇನ್ನಷ್ಟು ಗೊಬ್ಬರ. ಕೆಲವು ಸಲ ರಾತ್ರಿ ಗೋಲ್ಡ್‌ಫಿಶ್ ಮೈಗೆ ಅಂಟಿಕೊಂಡು ಲೋಳೆ ಪೊರೆ ಕೆರೆದು ಗಾಯ ಮಾಡುತ್ತದೆ. ಬೆಳೆದ ಮೇಲೆ ಜಾಗ ಸಾಲದೆ ಜನ ಕೆರೆಗೆ ಬಿಟ್ಟು ಬರುತ್ತಾರೆ, ನನಗೆ ತುಂಬಾ ಬೇಜಾರಾಗುವುದು ಇದಕ್ಕೆ. ದಕ್ಷಿಣ ಅಮೆರಿಕದ ಈ ಮೀನು ದಕ್ಷಿಣ ಭಾರತದ ಕೆರೆ, ನದಿಗಳಲ್ಲಿ ಈಗ ನೆಲೆ ನಿಂತಿದೆ. ದಡದಲ್ಲಿ ಬಿಲ ಕೊರೆಯುತ್ತದೆ, ನಮ್ಮ ಮೀನುಗಳ ಮೇವಿಗೆ ಪಾಲು ಕೇಳುತ್ತದೆ, ಬಲೆಗೆ ಬಿದ್ದರೆ ತನ್ನ ಮುಳ್ಳಿನಿಂದ ಬಲೆಯನ್ನೂ ಹರಿಯುತ್ತದೆ. ಈಗಾಗಲೇ ಸಾಕಿರುವವರು ಕೆರೆಗೆ ಬಿಡದೆ ಅಂಗಡಿಗೆ ವಾಪಸ್ ಕೊಡಿ. ನೆರೈಟ್ ಬಸವನಹುಳು ನಿಜಕ್ಕೂ ಪಾಚಿ ತಿನ್ನುತ್ತದೆ, ಆದರೆ ಗೋಲ್ಡ್‌ಫಿಶ್ ಅದನ್ನು ಕುಕ್ಕಿ ಕಾಡುವುದುಂಟು. ಕಲ್ಲಿನ ಮೇಲೆಲ್ಲಾ ಬಿಳಿ ಮೊಟ್ಟೆ ಅಂಟಿಸುತ್ತದೆ, ಸಿಹಿನೀರಲ್ಲಿ ಆ ಮೊಟ್ಟೆ ಮರಿಯಾಗುವುದಿಲ್ಲ, ಸುಮ್ನೆ ಚುಕ್ಕಿಯಾಗಿ ಉಳಿಯುತ್ತದೆ. ಪಾಚಿ ಸಾಯಿಸುವ ಬಾಟಲಿ ಔಷಧಿಗಳನ್ನೂ ನಾನು ಹೇಳುವುದಿಲ್ಲ. ಕೆಲವದರಲ್ಲಿ ತಾಮ್ರ ಇರುತ್ತದೆ. ಪಾಚಿ ಒಟ್ಟಿಗೆ ಸತ್ತು ಕೊಳೆತರೆ ಮೀನಿಗೆ ಉಸಿರಾಟವೇ ಕಷ್ಟ.

ಪಾಚಿ ಬೆಳೆಯಲು ಬೇಕಾದ್ದು ಬೆಳಕು ಮತ್ತು ಗೊಬ್ಬರ. ಎರಡನ್ನೂ ಕಡಿಮೆ ಮಾಡದೆ ಕಲ್ಲು ತೊಳೆದರೆ ಪ್ರತಿ ತಿಂಗಳೂ ತೊಳೆಯುತ್ತಲೇ ಇರಬೇಕು. ನಿಮ್ಮ ಟ್ಯಾಂಕಿನಲ್ಲಿ ಗಿಡ ಇಲ್ಲ. ಮೀನಿಗೆ ಲೈಟ್ ಬೇಕಿಲ್ಲ, ಲೈಟ್ ಹಾಕುವುದು ನಾವು ನೋಡುವುದಕ್ಕೆ. ದಿನಕ್ಕೆ 6 ಗಂಟೆ ಸಾಕು, ಟೈಮರ್ ಪ್ಲಗ್ ಹಾಕಿದರೆ ಮರೆಯುವ ಮಾತೇ ಇಲ್ಲ. ಕಿಟಕಿ ಬಿಸಿಲು ಟ್ಯಾಂಕಿಗೆ ಬೀಳುತ್ತಿದ್ದರೆ ಆ ಕಡೆಯ ಗಾಜಿಗೆ ಹೊರಗಿನಿಂದ ದಪ್ಪ ಕಾಗದ ಅಂಟಿಸಿ. ಆಹಾರವನ್ನು ಎರಡು ನಿಮಿಷದಲ್ಲಿ ತಿಂದು ಮುಗಿಸುವಷ್ಟೇ ಹಾಕಿ. ಗೋಲ್ಡ್‌ಫಿಶ್ ಯಾವಾಗಲೂ ಹಸಿದ ಮುಖ ಮಾಡಿಕೊಂಡೇ ಬರುತ್ತದೆ, ಮನೆಯಲ್ಲಿ ಮೂವರು ಮೂರು ಸಲ ಹಾಕಿದರೆ ಮುಗಿಯಿತು. ಯಾರಾದರೂ ಒಬ್ಬರೇ ಹಾಕುವ ರೂಢಿ ಮಾಡಿಕೊಳ್ಳಿ.

ಬೋರ್‌ವೆಲ್ ನೀರು ಬಳಸುತ್ತಿದ್ದರೆ ಒಮ್ಮೆ ನೈಟ್ರೇಟ್ ಪರೀಕ್ಷೆ ಮಾಡಿಸಿ. ಹೊಲಗಳ ನಡುವಿನ ಕೆಲವು ಬೋರ್‌ವೆಲ್‌ಗಳಲ್ಲಿ ಗೊಬ್ಬರದ ನೈಟ್ರೇಟ್ ಇಳಿದಿರುತ್ತದೆ. ಕುಡಿಯುವ ನೀರಿಗೆ ನಮ್ಮ ದೇಶದ ಮಿತಿ ಲೀಟರಿಗೆ 45 ಮಿಲಿಗ್ರಾಂ. ನಿಮ್ಮ ನೀರು ಅದರ ಆಸುಪಾಸಿನಲ್ಲಿದ್ದರೆ ನೀರು ಬದಲಿಸಿದಷ್ಟೂ ಪಾಚಿಗೆ ಊಟ ಹಾಕಿದ ಹಾಗೆ. ಅರ್ಧದಷ್ಟು ಮಳೆನೀರು ಅಥವಾ ಆರ್‌ಒ ನೀರು ಬೆರೆಸಿ ನೋಡಿ. ಮಳೆನೀರಾದರೆ ಮೊದಲ ಮಳೆಯದ್ದು ಬೇಡ, ತಾರಸಿಯ ಧೂಳೆಲ್ಲಾ ಅದರಲ್ಲೇ ಇರುತ್ತದೆ.

ಹೊಸ ಮೀನು ತರುವ ಯೋಚನೆ ಇದ್ದರೆ ನಿಲ್ಲಿಸಿ. ಗೋಲ್ಡ್‌ಫಿಶ್ ತುಂಬಾ ಗಲೀಜು ಮಾಡುವ ಮೀನು. ನಿಮ್ಮ ಟ್ಯಾಂಕಿಗೆ ಎರಡೇ ಬಿಗಿ, ನಾಲ್ಕು ಜಾಸ್ತಿಯೇ ಆಗಿತ್ತು. ಹೊಳೆಗಲ್ಲು, ಮಾರ್ಬಲ್ ಚೂರು ಎರಡೂ ಇರಲಿ. ಮಾರ್ಬಲ್ ನೀರನ್ನು ಸ್ವಲ್ಪ ಗಡಸು ಮಾಡುತ್ತದೆ, ಗೋಲ್ಡ್‌ಫಿಶ್‌ಗೆ ಗಡಸು ನೀರು ಒಗ್ಗುತ್ತದೆ. ಆದರೆ ಬಾಯಿಯೊಳಗೆ ಹೋಗುವಷ್ಟು ಸಣ್ಣ ಚೂರುಗಳಿದ್ದರೆ ತೆಗೆದುಬಿಡಿ, ತಳ ಕೆದಕುವ ಗೋಲ್ಡ್‌ಫಿಶ್‌ನ ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ.

ಈ ಭಾನುವಾರ ಕಾಲು ಭಾಗ ನೀರು, ಅಂದರೆ 12 ಲೀಟರಿನಷ್ಟು, ಆಂಟಿ-ಕ್ಲೋರಿನ್ ಹಾಕಿ ಬದಲಿಸಿ. ಕುಚ್ಚು ಇರುವ ಎರಡು ಕಲ್ಲಿಗೆ ಪೆರಾಕ್ಸೈಡ್ ಮಾಡಿ, ಉಳಿದದ್ದನ್ನು ಮುಟ್ಟಬೇಡಿ. ಲೈಟ್ ಇವತ್ತಿನಿಂದಲೇ 6 ಗಂಟೆಗೆ ಇಳಿಸಿ. ಅಮೋನಿಯಾ ಟೆಸ್ಟ್ ಕಿಟ್ ಒಂದು ತಂದು ವಾರಕ್ಕೆರಡು ಸಲ ನೋಡಿ. ಸೊನ್ನೆ ಬರಬೇಕು, ಬಣ್ಣ ತಿರುಗಿದರೆ ಆ ದಿನವೇ ಮತ್ತೆ ಕಾಲು ಭಾಗ ನೀರು ಬದಲಿಸಿ. ಆರು ವಾರದ ನಂತರವೂ ಹೊಸ ಕಪ್ಪು ಕುಚ್ಚು ಬರುತ್ತಿದ್ದರೆ ಕಲ್ಲಿನ ಹತ್ತಿರದ ಫೋಟೊ, ಫಿಲ್ಟರ್ ಬಾಯಿ ಯಾವ ಕಡೆ ಇದೆ, ಅಮೋನಿಯಾ ಮತ್ತು ನೈಟ್ರೇಟ್ ಎಷ್ಟಿದೆ ಅನ್ನುವುದನ್ನು ಬರೆದು ಕಳಿಸಿ, ಅದನ್ನು ನೋಡಿ ಮುಂದಿನದನ್ನು ಹೇಳುತ್ತೇನೆ.